ಹಳೇ ವಿಂಟರ್ ಟೈರ್ ಇದೆ, ಇನ್ನೊಂದು ಚಳಿಗಾಲ ಓಡಿಸಬಹುದಾ?

ಪ್ರಶ್ನೆ: ನಾವು ಮೈಸೂರಿನವರು. ಮ್ಯೂನಿಕ್‌ಗೆ ಬಂದು ಒಂದೂವರೆ ವರ್ಷವಾಯಿತು. ಈ ಬೇಸಿಗೆಯಲ್ಲಿ 2016ರ ಸೆಕೆಂಡ್ ಹ್ಯಾಂಡ್ ಫೋಕ್ಸ್‌ವ್ಯಾಗನ್ ಗಾಲ್ಫ್ ಕಾರು ತೆಗೆದುಕೊಂಡೆವು. ಕಾರಿನಲ್ಲಿ ಈಗಿರುವುದು 225/45 ಆರ್ 17 ಸಮ್ಮರ್ ಟೈರ್. ಮಾರಿದವರು ಜೊತೆಗೆ ನಾಲ್ಕು ವಿಂಟರ್ ಟೈರನ್ನೂ ಕೊಟ್ಟರು, ನೆಲಮಾಳಿಗೆಯಲ್ಲಿ ಇಟ್ಟಿದ್ದೇವೆ. ಅಳೆದು ನೋಡಿದೆ, ಇನ್ನೂ 5 ಮಿ.ಮೀ. ಬಟನ್, ಅಂದರೆ ಮೇಲಿನ ರಬ್ಬರ್ ಉಬ್ಬು, ಇದೆ. ಪಕ್ಕದಲ್ಲಿ ‘ಎಂ+ಎಸ್’ ಅಂತಿದೆ, ತಯಾರಿಕೆಯ ಗುರುತಾದ ಡಿಒಟಿ ನಂಬರಿನ ಕೊನೆಯಲ್ಲಿ 4116 ಅಂತಿದೆ. ಆಫೀಸಿನ ಗೆಳೆಯರು ‘ಆಲ್ ಸೀಸನ್ ಹಾಕಿಸಿ ಸುಮ್ನಿರಿ’ ಅನ್ನುತ್ತಾರೆ. ಕ್ರಿಸ್‌ಮಸ್ ರಜೆಗೆ ಮಕ್ಕಳನ್ನು ಕರೆದುಕೊಂಡು ಆಸ್ಟ್ರಿಯಾದ ಇನ್ಸ್‌ಬ್ರುಕ್ ಕಡೆ ಹೋಗಬೇಕು ಅಂತಿದ್ದೇವೆ. ಏನು ಮಾಡೋಣ?

ಉತ್ತರ: ಮೊದಲು ನೆಲಮಾಳಿಗೆಯ ಟೈರ್ ವಿಷಯ ಮುಗಿಸಿಬಿಡೋಣ. ಅವನ್ನು ಹಾಕಬೇಡಿ.

4116 ಅಂದರೆ 2016ರ 41ನೇ ವಾರದಲ್ಲಿ ತಯಾರಾದ ಟೈರ್. ಎಂಟು ವರ್ಷ ದಾಟಿಯಾಯಿತು. ಜರ್ಮನಿಯಲ್ಲಿ ಕಾರ್ ಟೈರಿಗೆ ಇಷ್ಟೇ ವಯಸ್ಸು ಅಂತ ಕಾನೂನು ಇಲ್ಲ, ನಿಜ. ಆದರೆ ರಬ್ಬರ್ ಕಾನೂನು ನೋಡಿಕೊಂಡು ಗಟ್ಟಿಯಾಗುವುದಿಲ್ಲವಲ್ಲ. ಸುಮ್ನೆ ಮೂಲೆಯಲ್ಲಿ ಬಿದ್ದಿದ್ದರೂ ವರ್ಷಗಳು ಕಳೆದಂತೆ ಅದು ಬಿಗಿಯುತ್ತಾ ಹೋಗುತ್ತದೆ. ವಿಂಟರ್ ಟೈರಿನ ಬಂಡವಾಳವೇ ಮೆತ್ತಗಿರುವುದು. ಆರು ವರ್ಷ ದಾಟಿದ ಟೈರನ್ನು ನಾನು ಅನುಮಾನದಿಂದ ನೋಡುತ್ತೇನೆ. ಎಂಟು ದಾಟಿದ್ದನ್ನು ನನ್ನ ಕಾರಿಗೆ ಹಾಕುವುದಿಲ್ಲ, ಬಟನ್ ಎಷ್ಟೇ ಇರಲಿ.

ಎರಡನೇ ಕಾರಣ ಇನ್ನೂ ನೇರ. ನಿಮ್ಮ ಟೈರಿನಲ್ಲಿ ‘ಎಂ+ಎಸ್’ ಇದೆ ಅಂದಿದ್ದೀರಿ. ಇನ್ನೊಂದು ಸಲ ಟಾರ್ಚ್ ಬಿಟ್ಟು ಟೈರಿನ ಪಕ್ಕದ ಗೋಡೆ ನೋಡಿ. ಮೂರು ಶಿಖರದ ಬೆಟ್ಟ, ಅದರೊಳಗೆ ಒಂದು ಹಿಮದ ಹರಳು, ಹಾಗೊಂದು ಚಿಕ್ಕ ಚಿತ್ರ ಇದೆಯಾ? ಅದಕ್ಕೆ ಆಲ್ಪೈನ್ ಗುರುತು ಅನ್ನುತ್ತಾರೆ. ಅದಿಲ್ಲದಿದ್ದರೆ ಹಿಮದ ರಸ್ತೆಯಲ್ಲಿ ಆ ಟೈರ್ ಜರ್ಮನಿಯಲ್ಲಿ ಲೆಕ್ಕಕ್ಕೇ ಇಲ್ಲ. 2017ರ ಕೊನೆಯವರೆಗೆ ತಯಾರಾದ ‘ಎಂ+ಎಸ್’ ಟೈರುಗಳಿಗೆ ರಿಯಾಯಿತಿ ಇತ್ತು. ಅದು 2024ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ‘ಎಂ+ಎಸ್’ ಅಂದರೆ ಮಡ್ ಆ್ಯಂಡ್ ಸ್ನೋ, ಕೆಸರು ಮತ್ತು ಹಿಮ. ಅದನ್ನು ಕಂಪನಿಯವರೇ ಅಚ್ಚು ಹಾಕಿಕೊಳ್ಳಬಹುದಿತ್ತು, ಯಾವ ಪರೀಕ್ಷೆಯೂ ಬೇಕಿರಲಿಲ್ಲ. ಆಲ್ಪೈನ್ ಗುರುತು ಹಾಗಲ್ಲ. ಗಟ್ಟಿ ಹಿಮದ ಮೇಲೆ ಒಂದು ಮಾದರಿ ಟೈರಿನ ಜೊತೆ ಓಡಿಸಿ, ಅದಕ್ಕಿಂತ ಚೆನ್ನಾಗಿ ಹಿಡಿದರೆ ಮಾತ್ರ ಸಿಗುತ್ತದೆ.

ಇಲ್ಲಿನ ಕಾನೂನಿನ ಬಗ್ಗೆ ನಮ್ಮವರಲ್ಲಿ ಒಂದು ಗೊಂದಲ ಇದೆ. ‘ನವೆಂಬರ್ 1ರಿಂದ ಕಡ್ಡಾಯ’ ಅಂತ ಯಾರೋ ಹೇಳಿರುತ್ತಾರೆ. ಜರ್ಮನಿಯಲ್ಲಿ ತಾರೀಖು ಇಲ್ಲ, ರಸ್ತೆ ಹೇಗಿದೆ ಅನ್ನುವುದಷ್ಟೇ ಲೆಕ್ಕ. ಹಿಮ, ಕರಗಿದ ಹಿಮದ ರಾಡಿ, ಐಸ್, ಮಂಜು ಹೆಪ್ಪುಗಟ್ಟಿದ ಪದರ, ಇವುಗಳಲ್ಲಿ ಯಾವುದಾದರೂ ರಸ್ತೆಯಲ್ಲಿದ್ದರೆ ಸರಿಯಾದ ಟೈರ್ ಇರಲೇಬೇಕು. ಮೇ ತಿಂಗಳಲ್ಲಿ ಹಿಮ ಬಿದ್ದರೂ ಅಷ್ಟೇ. ಸಿಕ್ಕಿಬಿದ್ದರೆ 60 ಯೂರೊ ದಂಡ, ಚಾಲಕರ ತಪ್ಪುಗಳನ್ನು ಬರೆದಿಡುವ ಫ್ಲೆನ್ಸ್‌ಬುರ್ಗ್ ದಾಖಲೆಯಲ್ಲಿ ಒಂದು ಪಾಯಿಂಟ್. ನಿಮ್ಮಿಂದ ಬೇರೆಯವರ ದಾರಿಗೆ ಅಡ್ಡಿಯಾದರೆ 80, ಅಪಘಾತವೇ ಆದರೆ 120. ಕಾರು ನಿಮ್ಮ ಹೆಸರಲ್ಲಿದ್ದು ಗೆಳೆಯ ಓಡಿಸುತ್ತಿದ್ದರೂ ನಿಮಗೆ ಬೇರೆಯಾಗಿ 75 ಯೂರೊ ಬೀಳಬಹುದು. ದಂಡ ಹೋಗಲಿ ಬಿಡಿ. ಅಪಘಾತವಾದಾಗ ನಿಮ್ಮ ಕಾರಿನ ರಿಪೇರಿ ಹಣವನ್ನು ಇನ್ಶೂರೆನ್ಸ್‌ನವರು ಕತ್ತರಿಸಬಹುದು, ಅದು ದೊಡ್ಡ ಪೆಟ್ಟು.

ನಾನು ಇಲ್ಲಿಗೆ ಬಂದ ಮೊದಲ ವರ್ಷ ಇದೇ ಪಾಠ ಕಲಿತೆ. ಹಳೇ ಕಾರು ಕೊಡಿಸಿದವರು ‘ಟೈರ್ ಹೊಚ್ಚ ಹೊಸದು’ ಅಂದಿದ್ದರು. ಸುಳ್ಳೇನಲ್ಲ, ಹೊಸದೇ. ಆದರೆ ಸಮ್ಮರ್ ಟೈರ್. ನವೆಂಬರ್ ಕೊನೆಯ ಒಂದು ಬೆಳಿಗ್ಗೆ, ಮನೆ ಹತ್ತಿರದ ಇಳಿಜಾರು, ಎರಡು ಬೆರಳಷ್ಟು ಹಿಮ. ಸ್ಪೀಡು 20 ದಾಟಿರಲಿಲ್ಲ. ಕೆಳಗೆ ಕ್ರಾಸ್ ಹತ್ತಿರ ಬ್ರೇಕ್ ಒತ್ತಿದೆ. ಪೆಡಲ್ ಕಾಲಡಿ ಕಟಕಟ ಅಂತ ನಡುಗಿತು, ಕಾರು ಮಾತ್ರ ನಿಲ್ಲಲಿಲ್ಲ. ಸ್ಟೇರಿಂಗ್ ಬಲಕ್ಕೆ ಪೂರ್ತಿ ತಿರುಗಿಸಿದೆ. ಚಕ್ರ ತಿರುಗಿತು, ಕಾರು ನೇರ ಹೋಯಿತು. ತುಂಬ ನಿಧಾನವಾಗಿ, ಎಲ್ಲ ನೋಡನೋಡುತ್ತಲೇ, ಹೋಗಿ ಫುಟ್‌ಪಾತ್ ಕಲ್ಲಿಗೆ ಗುದ್ದಿ ನಿಂತಿತು. ರಿಮ್ ಬೆಂಡಾಯಿತು, ಚಕ್ರ ಹಿಡಿದಿರುವ ಒಳಗಿನ ಆರ್ಮ್ ಕೂಡ. ಆ ಹೊತ್ತಿಗೆ ಎದುರಿಗೆ ಯಾರೂ ಬರಲಿಲ್ಲ ಅನ್ನುವುದೊಂದೇ ಪುಣ್ಯ.

ಯಾಕೆ ಹೀಗಾಗುತ್ತದೆ? ಊರಲ್ಲಿ ಡಿಸೆಂಬರ್ ಬೆಳಿಗ್ಗೆ ಕೊಬ್ಬರಿ ಎಣ್ಣೆ ಬಾಟಲಿ ಬೋರಲು ಹಾಕಿದರೂ ಹನಿ ಬೀಳುವುದಿಲ್ಲವಲ್ಲ, ನೆನಪಿಸಿಕೊಳ್ಳಿ. ಎಣ್ಣೆ ಅದೇ, ಚಳಿಗೆ ಗಟ್ಟಿಯಾಗಿದೆ ಅಷ್ಟೇ. ರಬ್ಬರಿನ ಒಳಗಣ ವಿಷಯ ಬೇರೆ, ಆದರೆ ಕೈಗೆ ಸಿಗುವ ಫಲ ಅಂಥದ್ದೇ. ಸಮ್ಮರ್ ಟೈರಿನ ರಬ್ಬರ್ ಚಳಿಗೆ ಬಿಗಿದುಕೊಳ್ಳುತ್ತದೆ. ಡಾಂಬರಿನ ಸಣ್ಣ ಸಣ್ಣ ಉಬ್ಬುತಗ್ಗಿಗೆ ಮೆತ್ತಿಕೊಳ್ಳಬೇಕಾದದ್ದು ಮೇಲೆ ಮೇಲೆ ಜಾರುತ್ತದೆ. ವಿಂಟರ್ ಟೈರಿನ ಮಿಶ್ರಣವೇ ಬೇರೆ. ಸೊನ್ನೆಗಿಂತ ಕೆಳಗೂ ಮೆತ್ತಗಿರುವ ಹಾಗೆ ಅದನ್ನು ಕಲೆಸಿರುತ್ತಾರೆ.

ಇನ್ನೊಂದು ಅದರ ಬಟನ್. ಒಂದೊಂದು ಬಟನ್ ಮೇಲೂ ಬ್ಲೇಡಿನಲ್ಲಿ ಕೊಯ್ದ ಹಾಗೆ ಅಲೆ ಅಲೆ ಗೆರೆಗಳು ಇರುತ್ತವೆ. ಬ್ರೇಕ್ ಹಾಕಿದಾಗ ಆ ಗೆರೆಗಳು ಬಾಯಿ ಬಿಟ್ಟು, ಅಂಚುಗಳು ಹಿಮವನ್ನು ಕಚ್ಚುತ್ತವೆ. ಬಟನ್‌ಗಳ ನಡುವಿನ ದೊಡ್ಡ ಸಂದಿಗಳಲ್ಲಿ ಹಿಮ ತುಂಬಿಕೊಳ್ಳುತ್ತದೆ. ತುಂಬಿಕೊಳ್ಳಲಿ ಅಂತಲೇ ಹಾಗೆ ಮಾಡಿರುವುದು. ಹಿಮವನ್ನು ಚೆನ್ನಾಗಿ ಹಿಡಿಯುವುದು ಹಿಮವೇ, ಉಂಡೆ ಕಟ್ಟುವಾಗ ಒಂದಕ್ಕೊಂದು ಅಂಟುತ್ತದಲ್ಲ ಹಾಗೆ. ನನ್ನ ಪರಿಚಯದವರೊಬ್ಬರು ಮೊದಲ ಚಳಿಗಾಲದಲ್ಲಿ ದಿನಾ ಬೆಳಿಗ್ಗೆ ಕೂತು ಟೈರಿನ ಸಂದಿಯ ಹಿಮವನ್ನು ಕಡ್ಡಿಯಲ್ಲಿ ಕೆರೆದು ತೆಗೆಯುತ್ತಿದ್ದರು. ಪಾಪ, ಗ್ರಿಪ್ ಕೊಡುವುದನ್ನೇ ಕಿತ್ತು ಹಾಕುತ್ತಿದ್ದರು!

ಒಂದು ಲೆಕ್ಕ ಮಾಡಿ ತೋರಿಸುತ್ತೇನೆ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಬ್ರೇಕ್ ಒತ್ತಿದರೆ ಒಣ ರಸ್ತೆಯಲ್ಲಿ ಸುಮಾರು 12 ಮೀಟರಿನಲ್ಲಿ ಕಾರು ನಿಲ್ಲುತ್ತದೆ. ಹಿಮದ ಮೇಲೆ ವಿಂಟರ್ ಟೈರಿನ ಹಿಡಿತ ಒಣ ರಸ್ತೆಯ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಅಂದುಕೊಳ್ಳಿ, ಆಗ 33 ಮೀಟರ್ ಬೇಕು. ಸಮ್ಮರ್ ಟೈರಿಗೆ ಅದರ ಅರ್ಧ ಹಿಡಿತ ಅಂದರೆ 66 ಮೀಟರ್. ಅಂದರೆ ನೀವು ಪೂರ್ತಿ ನಿಂತಿರುವ ಜಾಗದಲ್ಲಿ ಪಕ್ಕದ ಸಮ್ಮರ್ ಟೈರ್ ಕಾರು ಇನ್ನೂ 35 ಕಿ.ಮೀ. ವೇಗದಲ್ಲಿ ಹೋಗುತ್ತಿರುತ್ತದೆ. ಇದನ್ನು ಇನ್ನೊಂದು ಕಡೆಯಿಂದಲೂ ಓದಿ: ವಿಂಟರ್ ಟೈರ್ ಇದ್ದರೂ 12 ಮೀಟರ್ ಇದ್ದದ್ದು 33 ಆಯಿತು.

‘ಏಳು ಡಿಗ್ರಿಗಿಂತ ಕೆಳಗಿಳಿದರೆ ವಿಂಟರ್ ಟೈರ್’ ಅಂತ ಎಲ್ಲರೂ ಹೇಳುತ್ತಾರೆ. ಅದು ನೆನಪಿಡಲು ಸುಲಭ, ಅಷ್ಟೇ. ಐದು ಡಿಗ್ರಿಯ ಒಣ ರಸ್ತೆಯಲ್ಲಿ ಒಳ್ಳೆಯ ಸಮ್ಮರ್ ಟೈರ್ ಇನ್ನೂ ಚೆನ್ನಾಗಿಯೇ ನಿಲ್ಲುತ್ತದೆ. ಆದರೆ ಆ ಮಧ್ಯಾಹ್ನದ ಐದು ಡಿಗ್ರಿ ಮರುದಿನ ಬೆಳಿಗ್ಗೆ ಏಳಕ್ಕೆ ಮೈನಸ್ ಆಗಿರುತ್ತದೆ, ನೀವು ಅಷ್ಟರಲ್ಲಿ ಮಕ್ಕಳನ್ನು ಶಾಲೆಗೆ ಬಿಡಲು ಹೊರಟಿರುತ್ತೀರಿ. ಅದಕ್ಕೇ ಇಲ್ಲಿಯವರು ಥರ್ಮಾಮೀಟರ್ ನೋಡುವ ಬದಲು ‘ಓದಿಂದ ಓಗೆ’ ಅನ್ನುತ್ತಾರೆ, ಅಕ್ಟೋಬರಿನಿಂದ ಓಸ್ಟರ್ನ್ ಅಂದರೆ ಈಸ್ಟರ್‌ವರೆಗೆ.

ಈಗ ನಿಮ್ಮ ಗೆಳೆಯರ ಆಲ್ ಸೀಸನ್ ಸಲಹೆ. ಅದನ್ನು ನಾನು ತಳ್ಳಿಹಾಕುವುದಿಲ್ಲ. ಆಲ್ಪೈನ್ ಗುರುತಿರುವ ಒಳ್ಳೆಯ ಆಲ್ ಸೀಸನ್ ಟೈರುಗಳು ಈಗ ಬಂದಿವೆ. ಡುಸೆಲ್ಡಾರ್ಫ್‌ನಲ್ಲೋ ಫ್ರಾಂಕ್‌ಫರ್ಟ್‌ನಲ್ಲೋ ಇದ್ದು, ವರ್ಷಕ್ಕೆ ಎಂಟು ಹತ್ತು ಸಾವಿರ ಕಿ.ಮೀ. ಓಡಿಸುವವರು, ಜೋರು ಹಿಮ ಬಿದ್ದ ದಿನ ಟ್ರೇನಿನಲ್ಲಿ ಹೋಗಬಲ್ಲವರು ಅದನ್ನೇ ಹಾಕಿಸಲಿ. ಕೀಲು ನೋವಿಗೂ ಜ್ವರಕ್ಕೂ ಒಂದೇ ಮಾತ್ರೆ ಇದ್ದ ಹಾಗೆ ಅದು. ಎರಡಕ್ಕೂ ಸ್ವಲ್ಪ ಸ್ವಲ್ಪ ಕೇಳುತ್ತದೆ. ನೀವು ಆಲ್ಪ್ಸ್ ಬೆಟ್ಟದ ಬುಡದಲ್ಲಿದ್ದೀರಿ, ರಜೆಗೆ ಬೆಟ್ಟದೊಳಗೇ ಹೋಗುತ್ತೀರಿ. ಜುಲೈನಲ್ಲಿ ಇದೇ ಕಾರಿನಲ್ಲಿ ಸುಡುಬಿಸಿಲ ಆಟೋಬಾನ್ ಹೆದ್ದಾರಿಯಲ್ಲಿ 130ರಲ್ಲೂ ಓಡಿಸುತ್ತೀರಿ. ನಿಮಗೆ ಎರಡು ಸೆಟ್ ಇರಬೇಕು. ಖರ್ಚು ಎರಡು ಪಟ್ಟು ಅನ್ನಿಸುತ್ತದೆ, ಆದರೆ ಒಂದು ಸೆಟ್ ಓಡುವಾಗ ಇನ್ನೊಂದು ಸವೆಯುವುದಿಲ್ಲವಲ್ಲ.

ಯಾವುದು ಕೊಳ್ಳಬೇಕು? ಸೈಜಿನಿಂದ ಶುರು ಮಾಡಿ. ಚಳಿಗಾಲಕ್ಕೆ 17 ಇಂಚು ರಿಮ್ಮಿನ ಅಗಲ ಟೈರೇ ಬೇಕಂತಿಲ್ಲ. ನಿಮ್ಮ ಗಾಲ್ಫ್‌ಗೆ 205/55 ಆರ್ 16 ಸಾಮಾನ್ಯವಾಗಿ ಕೂರುತ್ತದೆ. ಟೈರೂ ಅಗ್ಗ, ರಿಮ್ಮೂ ಅಗ್ಗ, ಟೈರಿನ ಪಕ್ಕದ ಗೋಡೆ ಎತ್ತರ ಇರುವುದರಿಂದ ಹಿಮದಡಿ ಕಾಣದ ಗುಂಡಿಗೆ ಬಿದ್ದರೂ ರಿಮ್ ಉಳಿಯುತ್ತದೆ. ಆದರೆ ಕೊಳ್ಳುವ ಮುಂಚೆ ಕಾರು ತಯಾರಿಸಿದ ಕಂಪನಿ ಕೊಡುವ ಸಿಒಸಿ ಪತ್ರದಲ್ಲಿ ಆ ಸೈಜ್ ಇದೆಯಾ ನೋಡಿ. ಆರ್‌ಸಿಯಂತಿರುವ ನೋಂದಣಿ ಪತ್ರದಲ್ಲಿ ಒಂದೇ ಸೈಜ್ ಬರೆದಿರುತ್ತದೆ, ಅದನ್ನು ನೋಡಿ ‘ಬೇರೆ ಹಾಕುವಂತಿಲ್ಲ’ ಅಂದುಕೊಳ್ಳಬೇಡಿ. ಪೂರ್ತಿ ಪಟ್ಟಿ ಇರುವುದು ಸಿಒಸಿಯಲ್ಲಿ.

ಸೈಜಿನ ಪಕ್ಕದಲ್ಲಿ ‘91 ಎಚ್’ ಅಂತೇನೋ ಇರುತ್ತದೆ. 91 ಅಂದರೆ ಒಂದು ಟೈರ್ 615 ಕೆ.ಜಿ. ಹೊರುತ್ತದೆ. ಎಚ್ ಅಂದರೆ 210 ಕಿ.ಮೀ. ವೇಗದವರೆಗೆ ತಡೆಯುತ್ತದೆ. ತೂಕದ ನಂಬರಿನಲ್ಲಿ ರಾಜಿ ಇಲ್ಲ, ಪತ್ರದಲ್ಲಿರುವುದಕ್ಕಿಂತ ಕಮ್ಮಿ ಇರಬಾರದು. ವೇಗದ ಅಕ್ಷರದಲ್ಲಿ ವಿಂಟರ್ ಟೈರಿಗೆ ಸಡಿಲಿಕೆ ಉಂಟು. ಕಾರಿನ ಗರಿಷ್ಠ ವೇಗಕ್ಕಿಂತ ಕಮ್ಮಿಯದ್ದನ್ನೂ ಹಾಕಬಹುದು, ಡ್ರೈವರಿಗೆ ಕಾಣುವ ಹಾಗೆ ಒಂದು ಸ್ಟಿಕರ್ ಅಂಟಿಸಿ ಆ ವೇಗ ಮೀರದಿದ್ದರೆ ಸಾಕು.

ಆನ್‌ಲೈನಿನಲ್ಲಿ ಹುಡುಕುವಾಗ ಒಂದು ಬಲೆ ಇದೆ. ನಾರ್ಡಿಕ್ ಟೈರ್ ಅಂತ ಬರುತ್ತವೆ, ಯೂರೋಪಿಯನ್ ಲೇಬಲ್ಲಿನಲ್ಲಿ ಐಸ್ ಚಿತ್ರವೂ ಇರುತ್ತದೆ. ‘ಐಸಿಗೂ ಆಗುತ್ತೆ, ಇನ್ನೂ ಒಳ್ಳೇದಲ್ವಾ’ ಅನ್ನಿಸುತ್ತದೆ. ಅದು ಫಿನ್ಲೆಂಡ್, ಸ್ವೀಡನ್ ಕಡೆಯ ಚಳಿಗೆ ಮಾಡಿದ್ದು. ಮೊದಲ ವಿಂಟರ್ ಟೈರ್ ಹುಟ್ಟಿದ್ದೂ ಫಿನ್ಲೆಂಡಿನಲ್ಲೇ. ಈಗ ನೋಕಿಯನ್ ಟೈರ್ಸ್ ಅನ್ನುವ ಕಂಪನಿ 1934ರಲ್ಲಿ ಲಾರಿಗಳಿಗೆ ಅಂತ ಮಾಡಿತು. ಅಲ್ಲಿ ತಿಂಗಳುಗಟ್ಟಲೆ ರಸ್ತೆ ಬೆಳ್ಳಗೇ ಇರುತ್ತದೆ. ಮ್ಯೂನಿಕ್ ಚಳಿಗಾಲ ಅಂದರೆ ಹೆಚ್ಚಿನ ದಿನ ಎರಡು ಮೂರು ಡಿಗ್ರಿ, ಒದ್ದೆ ರಸ್ತೆ, ಜಿಟಿಜಿಟಿ ಮಳೆ. ಅಲ್ಲಿ ಆ ಅತಿ ಮೆತ್ತನೆ ಟೈರ್ ಬ್ರೇಕಿಗೆ ಜಾಸ್ತಿ ದೂರ ತೆಗೆದುಕೊಳ್ಳುತ್ತದೆ. ನೀವು ಲೇಬಲ್ಲಿನಲ್ಲಿ ಹಿಮದ ಗುರುತಿನ ಜೊತೆ ಒದ್ದೆ ರಸ್ತೆಯ ಹಿಡಿತದ ಅಕ್ಷರ ನೋಡಿ. ಎ ಅಥವಾ ಬಿ ಇರಲಿ.

ಬ್ರ್ಯಾಂಡ್ ಹೆಸರು ನಾನು ಹೇಳುವುದಿಲ್ಲ. ಎಡಿಎಸಿ ಅಂತ ಇಲ್ಲಿನ ವಾಹನ ಸವಾರರ ಕ್ಲಬ್ ಪ್ರತಿ ವರ್ಷ ಚಳಿಗಾಲಕ್ಕೆ ಮುಂಚೆ ಪರೀಕ್ಷೆ ಮಾಡಿ ಪಟ್ಟಿ ಹಾಕುತ್ತದೆ. ಅದರಲ್ಲಿ ಒದ್ದೆ ಮತ್ತು ಹಿಮ ಎರಡರಲ್ಲೂ ಒಳ್ಳೆ ಅಂಕ ಬಂದ ಮಧ್ಯಮ ಬೆಲೆಯದ್ದು ತೆಗೆದುಕೊಳ್ಳಿ. ತೀರಾ ಅಗ್ಗದ್ದು ಮಾತ್ರ ಬೇಡ, ಒದ್ದೆ ರಸ್ತೆಯ ಬ್ರೇಕಿನಲ್ಲಿ ಅವುಗಳ ಬಣ್ಣ ಬಯಲಾಗುತ್ತದೆ. ಅಂಗಡಿಯಲ್ಲಿ ವ್ರೆಡೆಸ್ಟೈನ್ ಅನ್ನುವ ಡಚ್ ಹೆಸರು ಕಂಡರೆ, ಅದರ ಮಾಲೀಕರು ನಮ್ಮ ಅಪೋಲೊ ಟೈರ್ಸ್‌ನವರು. 2009ರಲ್ಲಿ ಕೊಂಡರು. ಊರಿನವರು ಅನ್ನುವ ಪ್ರೀತಿಗೆ ಹೇಳಿದೆ, ಶಿಫಾರಸ್ಸು ಅಲ್ಲ!

ರಿಮ್ ಸಮೇತ ಕೊಳ್ಳುವುದು ಜಾಣತನ. ವರ್ಷಕ್ಕೆ ಎರಡು ಸಲ ಟೈರನ್ನು ರಿಮ್ಮಿನಿಂದ ಕಿತ್ತು ಹಾಕಿಸುವ ಗೋಳಿಲ್ಲ, ಚಕ್ರ ಬದಲಿಸಿದರೆ ಆಯಿತು. ಒಂದು ಎಚ್ಚರ: ರಿಮ್ ಬೇರೆಯಾದರೆ ಬೋಲ್ಟ್ ಕೂರುವ ಜಾಗದ ಆಕಾರವೂ ಬೇರೆ ಇರಬಹುದು, ಕೆಲವಕ್ಕೆ ಗುಂಡಗೆ, ಕೆಲವಕ್ಕೆ ಶಂಕುವಿನ ಹಾಗೆ. ರಿಮ್ ಜೊತೆ ಸರಿಯಾದ ಬೋಲ್ಟ್ ಕೇಳಿ ಪಡೆಯಿರಿ. ಅಂಗಡಿಯಲ್ಲಿ ಹಾಕಿಸುವುದಾದರೆ ಸೆಪ್ಟೆಂಬರಿನಲ್ಲೇ ಟೈಮ್ ತೆಗೆದುಕೊಳ್ಳಿ. ಮೊದಲ ಹಿಮ ಬಿದ್ದ ದಿನ ಫೋನ್ ಮಾಡಿದರೆ, ದಸರಾ ರಜೆಗೆ ಹಿಂದಿನ ದಿನ ಬಸ್ ಟಿಕೆಟ್ ಹುಡುಕಿದ ಹಾಗೆ.

ನೀವೇ ಬದಲಿಸುವುದಾದರೆ, ಚಕ್ರ ನೆಲದ ಮೇಲಿರುವಾಗಲೇ ಬೋಲ್ಟ್ ಸಡಿಲ ಮಾಡಿ, ಆಮೇಲೆ ಜಾಕ್ ಹಾಕಿ. ಟೈರ್ ಪಕ್ಕದ ಬಾಣ ಮುಂದಕ್ಕೆ ತಿರುಗುವ ದಿಕ್ಕಿಗಿರಲಿ. ಹೆಚ್ಚು ಬಟನ್ ಇರುವ ಜೋಡಿ ಹಿಂದಕ್ಕೆ. ಕಾರು ಎಳೆಯುವುದು ಮುಂದಿನ ಚಕ್ರ, ಹಿಂದೆ ಯಾಕೆ ಅಂತ ಕೇಳುತ್ತಾರೆ. ಮುಂದೆ ಜಾರಿದರೆ ಕಾರು ನೇರ ಹೋಗುತ್ತದೆ, ನಿಮಗೆ ಗೊತ್ತಾಗುತ್ತದೆ. ಹಿಂದೆ ಜಾರಿದರೆ ಕಾರು ಬುಗುರಿಯಾಗುತ್ತದೆ, ಅದನ್ನು ಹಿಡಿಯುವುದು ನನಗೂ ನಿಮಗೂ ಆಗದ ಮಾತು. ಬೋಲ್ಟನ್ನು ಎದುರು ಬದುರಾಗಿ ಬಿಗಿಯಿರಿ, ಟಾರ್ಕ್ ರೆಂಚ್ ಇಟ್ಟುಕೊಂಡು. ಗಾಲ್ಫ್‌ಗೆ 120 ನ್ಯೂಟನ್ ಮೀಟರ್. ಐವತ್ತು ಕಿ.ಮೀ. ಓಡಿದ ಮೇಲೆ ಇನ್ನೊಂದು ಸಲ ಬಿಗಿ ನೋಡಿ. ನಿಮ್ಮ ಮಾದರಿಯಲ್ಲಿ ಟೈರಿನೊಳಗೆ ಸೆನ್ಸರ್ ಇರುವುದಿಲ್ಲ, ಕಾರು ಚಕ್ರದ ಸುತ್ತು ಎಣಿಸಿ ಗಾಳಿ ಕಮ್ಮಿಯಾದದ್ದನ್ನು ಕಂಡುಹಿಡಿಯುತ್ತದೆ. ಅದಕ್ಕೆ ಗಾಳಿ ಸರಿ ಮಾಡಿದ ಮೇಲೆ ಮೆನುವಿನಲ್ಲಿ ಹೋಗಿ ‘ಸೆಟ್’ ಒತ್ತಬೇಕು, ಇಲ್ಲದಿದ್ದರೆ ಹಳೇ ಲೆಕ್ಕದಲ್ಲೇ ಇರುತ್ತದೆ.

ಗಾಳಿಯ ವಿಷಯವನ್ನು ನಮ್ಮವರು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಹತ್ತು ಡಿಗ್ರಿ ಇಳಿದರೆ ಟೈರಿನಲ್ಲಿ ಸುಮಾರು 0.1 ಬಾರ್ ಕಮ್ಮಿಯಾಗುತ್ತದೆ. ಇಪ್ಪತ್ತು ಡಿಗ್ರಿಯ ಗ್ಯಾರೇಜಿನಲ್ಲಿ 2.3 ಹಾಕಿಸಿದ್ದೀರಿ ಅಂದುಕೊಳ್ಳಿ. ಮೈನಸ್ ಹತ್ತರ ಬೆಳಿಗ್ಗೆ ಅದು 2.0. ಪಂಕ್ಚರ್ ಆಗಿಲ್ಲ, ಚಳಿ ಅಷ್ಟೇ. ತಿಂಗಳಿಗೊಮ್ಮೆಯಾದರೂ, ಟೈರ್ ತಣ್ಣಗಿರುವಾಗ ನೋಡಿ.

ಇನ್ಸ್‌ಬ್ರುಕ್‌ಗೆ ಬರೋಣ. ಗಡಿ ದಾಟಿದರೆ ಕಾನೂನು ಬದಲು. ಆಸ್ಟ್ರಿಯಾದಲ್ಲಿ ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ, ರಸ್ತೆ ಹಿಮದ್ದಾಗಿದ್ದರೆ ವಿಂಟರ್ ಟೈರ್ ಬೇಕು, ಅದರಲ್ಲಿ ಕನಿಷ್ಠ 4 ಮಿ.ಮೀ. ಬಟನ್ ಇರಬೇಕು. ಜರ್ಮನಿಯ ಕಾನೂನು 1.6ಕ್ಕೇ ಸುಮ್ಮನಾಗುತ್ತದೆ, ಆದರೆ ಹಿಮದಲ್ಲಿ 1.6 ಅಂದರೆ ಏನೂ ಇಲ್ಲ. ಅಳೆಯಲು ಜೇಬಿನಲ್ಲಿರುವ 2 ಯೂರೊ ನಾಣ್ಯ ಸಾಕು. ಅದರ ಬೆಳ್ಳಿ ಬಣ್ಣದ ಅಂಚು 4 ಮಿ.ಮೀ. ಅಗಲ. ಬಟನ್‌ಗಳ ಸಂದಿಯೊಳಗೆ ನಿಲ್ಲಿಸಿದಾಗ ಅಂಚು ಪೂರ್ತಿ ಮುಳುಗಿದರೆ ಸರಿ. ಡಿಕ್ಕಿಯಲ್ಲಿ ಹಿಮದಲ್ಲಿ ಟೈರಿಗೆ ಸುತ್ತುವ ಚೈನ್ ಒಂದು ಜೊತೆ ಇಟ್ಟುಕೊಳ್ಳಿ. ನಿಮ್ಮ ಕಾರಿಗೆ ಮುಂದಿನ ಚಕ್ರಕ್ಕೆ ಹಾಕಬೇಕು, ಹಾಕಿದ ಮೇಲೆ 50 ಕಿ.ಮೀ. ವೇಗ ದಾಟಬಾರದು. ಹೊರಡುವ ಮುಂಚೆ ಮನೆ ಮುಂದೆ ಒಣ ನೆಲದಲ್ಲಿ ಒಂದು ಸಲ ಹಾಕಿ ಬಿಚ್ಚಿ. ಕತ್ತಲಲ್ಲಿ, ಗ್ಲೌಸ್ ತೊಟ್ಟು, ಹಿಂದೆ ಮಕ್ಕಳು ಅಳುತ್ತಿರುವಾಗ ಮೊದಲ ಸಲ ಪ್ಯಾಕೆಟ್ ಬಿಚ್ಚುವುದು ಬೇಡ.

ಓಡಿಸುವುದರ ಬಗ್ಗೆ ಸ್ವಲ್ಪ. ಹೊಸ ಟೈರನ್ನು ಮೊದಲ 300 ಕಿ.ಮೀ. ಹದವಾಗಿ ಓಡಿಸಿ, ಆದ್ದರಿಂದ ಪ್ರವಾಸದ ಹಿಂದಿನ ದಿನ ಹಾಕಿಸಬೇಡಿ. ಹಿಮದಲ್ಲಿ ಬ್ರೇಕ್, ತಿರುವು, ಆ್ಯಕ್ಸಿಲರೇಟರ್, ಒಂದು ಸಲಕ್ಕೆ ಒಂದೇ ಕೆಲಸ ಕೊಡಿ. ತಿರುವಿಗೆ ಮುಂಚೆಯೇ ವೇಗ ಇಳಿಸಿ, ಆಮೇಲೆ ತಿರುಗಿಸಿ. ತುರ್ತಿನಲ್ಲಿ ಮಾತ್ರ ಬ್ರೇಕನ್ನು ಪೂರ್ತಿ ಒತ್ತಿ ಹಿಡಿಯಿರಿ. ಪೆಡಲ್ ನಡುಗುತ್ತದೆ, ಅದು ಎಬಿಎಸ್, ಕಾಲು ತೆಗೆಯಬೇಡಿ. ಎಲ್ಲಕ್ಕಿಂತ ಮೋಸ ಮಾಡುವುದು ಸೊನ್ನೆ ಡಿಗ್ರಿಯ ಆಸುಪಾಸು. ಮೈನಸ್ ಹದಿನೈದರ ಒಣ ಐಸಿಗಿಂತ ಸೊನ್ನೆಯ ಐಸ್ ಜಾಸ್ತಿ ಜಾರುತ್ತದೆ, ಮೇಲೆ ನೀರಿನ ತೆಳು ಪದರ ಇರುತ್ತದೆ. ಸೇತುವೆ ಮೇಲೆ, ಕಾಡಿನ ನೆರಳಿನಲ್ಲಿ ರಸ್ತೆ ಬರೀ ಒದ್ದೆಯಾಗಿರುವ ಹಾಗೆ ಕಾಣುತ್ತದೆ. ಅಲ್ಲಿ ಯಾವ ವಿಂಟರ್ ಟೈರೂ ಕೈ ಹಿಡಿಯುವುದಿಲ್ಲ. ‘ನಮ್ದು ಫೋರ್ ವೀಲ್ ಡ್ರೈವ್’ ಅನ್ನುವ ಗೆಳೆಯರ ಕಾರಿನ ಹಿಂದೆ ಅಂಟಿಕೊಂಡು ಹೋಗಬೇಡಿ. ಅದು ಹತ್ತುವುದಕ್ಕೆ ನೆರವಾಗುತ್ತದೆ, ನಿಲ್ಲುವುದಕ್ಕಲ್ಲ.

ಮೊದಲ ಹಿಮ ಬಿದ್ದ ಭಾನುವಾರ ಯಾವುದಾದರೂ ಖಾಲಿ ಪಾರ್ಕಿಂಗ್ ಜಾಗಕ್ಕೆ ಹೋಗಿ, ಹಿಂದೆ ಮುಂದೆ ಯಾರೂ ಇಲ್ಲ ಅಂತ ನೋಡಿಕೊಂಡು, 20ರಲ್ಲಿ ಒಮ್ಮೆ, 30ರಲ್ಲಿ ಒಮ್ಮೆ ಜೋರಾಗಿ ಬ್ರೇಕ್ ಒತ್ತಿ ನೋಡಿ. ಮನೆಯವರೂ ಓಡಿಸುತ್ತಾರಾದರೆ ಅವರೂ ಒತ್ತಲಿ.

ಇನ್ನು ಬಿಚ್ಚಿದ ಸಮ್ಮರ್ ಚಕ್ರಗಳ ಮೇಲೆ ಸೀಮೆಸುಣ್ಣದಲ್ಲಿ ಮುಂದಿನ ಎಡ, ಹಿಂದಿನ ಬಲ ಅಂತ ಬರೆದು, ರಿಮ್ ಸಮೇತ ಒಂದರ ಮೇಲೊಂದು ಮಲಗಿಸಿ ತಂಪಾದ, ಕತ್ತಲ ಜಾಗದಲ್ಲಿಡಿ. ಆ 2016ರ ನಾಲ್ಕನ್ನು ಹೊಸ ಟೈರ್ ಹಾಕುವ ಅಂಗಡಿಯವರಿಗೇ ಕೊಟ್ಟುಬಿಡಿ, ಒಂದಕ್ಕೆ ಕೆಲವು ಯೂರೊ ತೆಗೆದುಕೊಂಡು ವಿಲೇವಾರಿ ಮಾಡುತ್ತಾರೆ. ‘ಇನ್ನೂ ಬಟನ್ ಇದೆ’ ಅಂತ ಬೇರೆ ಯಾರಿಗೂ ಮಾರಬೇಡಿ.